ತಾಮ್ರದ ನಕ್ಷತ್ರ, ಪಿಕಾಸಿ ಹಿಡಿದ ಮನುಷ್ಯ

ಕಂಪನಿ ಕಟ್ಟಿಸಿದ ಊರಿಗೆ ಬಾವುಟವೂ ಬೇಕಿಲ್ಲ, ಮೊಹರೂ ಬೇಕಿಲ್ಲ. ಮನೆ ಕಂಪನಿಯದು, ನಲ್ಲಿಯ ನೀರು ಕಂಪನಿಯದು, ದಿನಸಿ ಅಂಗಡಿಯೂ ಆಸ್ಪತ್ರೆಯೂ ಕಂಪನಿಯವೇ. ಬಾಡಿಗೆ ರಸೀದಿಯ ಮೇಲೆ ಕಂಪನಿಯ ಗುರುತು ಇದ್ದರೆ ವ್ಯವಹಾರ ನಡೆದುಹೋಗುತ್ತದೆ. ಮೊಹರು ಬೇಕಾಗುವುದು ಊರು ಕಾನೂನಿನ ಕಣ್ಣಿಗೆ ತಾನೇ ಒಬ್ಬ ವ್ಯಕ್ತಿಯಾದಾಗ. ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳಬೇಕು, ತೆರಿಗೆ ಎತ್ತಬೇಕು, ಕೋರ್ಟಿಗೆ ಹೋಗಬೇಕು ಅಂದಾಗ.

ಅಮೆರಿಕದ ಅರಿಜೋನಾ ರಾಜ್ಯದ ತಾಮ್ರದ ಊರುಗಳನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಜೆರೋಮ್ ಬೆಟ್ಟದ ಅದಿರನ್ನು ಕರಗಿಸಲು ವಿಲಿಯಂ ಕ್ಲಾರ್ಕ್ 1912ರಲ್ಲಿ ಕಟ್ಟಿಸತೊಡಗಿದ ಊರು ಕ್ಲಾರ್ಕ್‌ಡೇಲ್. ಅಧಿಕಾರಿಗಳಿಗೆ ಮೇಲಿನ ಕೇರಿ, ಕಾರ್ಮಿಕರಿಗೆ ಕೆಳಗಿನ ಕೇರಿ, ಮೆಕ್ಸಿಕನ್ ಕೆಲಸಗಾರರಿಗೆ ಬೇರೆಯೇ ಒಂದು ಮೂಲೆ ಎಂದು ಮೊದಲೇ ಗೆರೆ ಎಳೆದು ಕಟ್ಟಿದ್ದು. ಅದು ಪುರಸಭೆಯಾದದ್ದು 1957ರಲ್ಲಿ, ಕುಲುಮೆ ಆರಿದ ಮೇಲೆ. ರೇ ಎಂಬಲ್ಲಿನ ತೆರೆದ ಗಣಿ ಹಿಗ್ಗುತ್ತ ರೇ, ಸೊನೋರಾ, ಬಾರ್ಸಿಲೋನಾ ಎಂಬ ಮೂರು ಊರುಗಳನ್ನು ನುಂಗಿದಾಗ, ಅಲ್ಲಿನವರಿಗಾಗಿ ಕೆನೆಕಾಟ್ ಕಂಪನಿ 1958ರಲ್ಲಿ ಕಾರ್ನಿ ಎಂಬ ಊರನ್ನು ಕಟ್ಟಿಸಿತು. ಅದಕ್ಕೆ ಮರುವರ್ಷವೇ ಪುರಸಭೆ ಬಂತು. ಆಹೋ, ಸ್ಯಾನ್ ಮ್ಯಾನ್ಯುಯೆಲ್ ಎಂಬ ಊರುಗಳಲ್ಲಿ ಗಣಿ ಮುಚ್ಚಿದ ಮೇಲೂ ಪುರಸಭೆ ಆಗಲಿಲ್ಲ. ಮೊರೆನ್ಸಿ ಇವತ್ತಿಗೂ ಕಂಪನಿಯ ಊರೇ; ಅಲ್ಲಿ ಪುರಸಭೆ ಇಲ್ಲ, ಹಾಗಾಗಿ ಊರಿನ ಮೊಹರನ್ನು ಒತ್ತಲು ಗುಮಾಸ್ತನೂ ಇಲ್ಲ.

ಹೀಗೆ ಊರುಗಳಿಗೆ ಸ್ವಂತ ಗುರುತು ಇರಲಿಲ್ಲ ಅಥವಾ ತಡವಾಗಿ ಬಂತು. ಅವುಗಳ ಲೋಹ ಮಾತ್ರ ರಾಜ್ಯದ ಬಾವುಟಕ್ಕೆ ಹೋಯಿತು, ಅವುಗಳ ಮನುಷ್ಯ ರಾಜ್ಯದ ಮೊಹರಿಗೆ ಹೋದ. ಲೋಹವನ್ನು ಬಾವುಟ ಸರಿಯಾಗಿ ಹಿಡಿದಿದೆ. ಮನುಷ್ಯನನ್ನು ಮೊಹರು ಸರಿಯಾಗಿ ಹಿಡಿದಿಲ್ಲ. ಎರಡನ್ನೂ ಅಳತೆ ಹಿಡಿದು ನೋಡಿದರೆ ಇದು ಗೊತ್ತಾಗುತ್ತದೆ.

ಮೊಹರಿನಿಂದ ಶುರು ಮಾಡುತ್ತೇನೆ. ಅದರ ಚಿತ್ರ ಏನಿರಬೇಕೆಂದು ಅರಿಜೋನಾ ಸಂವಿಧಾನದಲ್ಲೇ ಬರೆದಿದೆ. ಹಿನ್ನೆಲೆಯಲ್ಲಿ ಬೆಟ್ಟದ ಸಾಲು, ಅದರ ಹಿಂದೆ ಹುಟ್ಟುವ ಸೂರ್ಯ. ಬಲಗಡೆ ಜಲಾಶಯ ಮತ್ತು ಅಣೆಕಟ್ಟು, ಅದರ ಕೆಳಗೆ ನೀರಾವರಿಯ ಹೊಲ ಮತ್ತು ಹಣ್ಣಿನ ತೋಟ, ಪಕ್ಕದಲ್ಲಿ ಮೇಯುವ ದನ. ಎಡಗಡೆ ಬೆಟ್ಟದ ಮಗ್ಗುಲಲ್ಲಿ ಬೆಣಚುಕಲ್ಲಿನ ಅದಿರು ಕುಟ್ಟುವ ಗಿರಣಿ, ಅದರ ಮುಂದೆ ಪಿಕಾಸಿ ಸಲಿಕೆ ಹಿಡಿದು ನಿಂತ ಗಣಿಗಾರ. ಮೇಲೆ ‘ಡಿಟಾಟ್ ಡಿಯುಸ್’, ದೇವರು ಸಿರಿವಂತಿಕೆ ಕೊಡುತ್ತಾನೆ ಎಂಬ ಲ್ಯಾಟಿನ್ ಮಾತು. ಸುತ್ತಲಿನ ಪಟ್ಟಿಯಲ್ಲಿ ರಾಜ್ಯದ ಹೆಸರು ಮತ್ತು ಒಕ್ಕೂಟ ಸೇರಿದ ವರ್ಷ 1912.

ಗಣಿಯ ಕೆಲಸ ಬಲ್ಲವರ ಕಣ್ಣಿಗೆ ಮೊದಲು ಬೀಳುವುದು ಆ ಗಿರಣಿ. ಬೆಣಚುಕಲ್ಲು ಕುಟ್ಟುವ ಗಿರಣಿ ಚಿನ್ನ ಬೆಳ್ಳಿಯ ಕಸುಬಿನದು. ಕಬ್ಬಿಣದ ಒನಕೆಗಳು ಕಲ್ಲನ್ನು ಪುಡಿ ಮಾಡುತ್ತವೆ, ಪುಡಿಯಲ್ಲಿನ ಚಿನ್ನವನ್ನು ಪಾದರಸ ಹಿಡಿದುಕೊಳ್ಳುತ್ತದೆ. ತಾಮ್ರ ಹೀಗೆ ಸಿಕ್ಕುವುದಿಲ್ಲ. ಅದಕ್ಕೆ ಬೆಂಕಿ ಬೇಕು. ಗಂಧಕ ಕೂಡಿದ ಅದಿರನ್ನು ಕುಲುಮೆಯಲ್ಲಿ ಕರಗಿಸಿ, ಕಿಟ್ಟ ಬೇರ್ಪಡಿಸಿ, ಉಳಿದದ್ದಕ್ಕೆ ಗಾಳಿ ಊದಿ ಗಂಧಕವನ್ನೂ ಕಬ್ಬಿಣವನ್ನೂ ಸುಟ್ಟು ತೆಗೆಯಬೇಕು. ಹಾಗಾಗಿ ತಾಮ್ರದ ಊರಿನ ಗುರುತೆಂದರೆ ಎತ್ತರದ ಚಿಮಣಿ, ಅದರ ಬುಡದಲ್ಲಿ ಕಪ್ಪು ಕಿಟ್ಟದ ಗುಡ್ಡ. ಮೊಹರಿನಲ್ಲಿ ಈ ಎರಡೂ ಇಲ್ಲ. ತಾಮ್ರದಿಂದ ಬದುಕುತ್ತಿದ್ದ ರಾಜ್ಯ ಹಳೆಯ ಚಿನ್ನದ ಕನಸನ್ನೇ ಮೊಹರಿನಲ್ಲಿ ಕೆತ್ತಿಕೊಂಡಿತು.

ಆ ಗಣಿಗಾರನಿಗೂ ಒಂದು ಕಥೆ ಇದೆ. ಅವನ ರೂಪಕ್ಕೆ ಮಾದರಿ ಜಾರ್ಜ್ ವಾರೆನ್ ಎಂಬುದು ಬಿಸ್ಬಿ ಎಂಬ ತಾಮ್ರದ ಊರಿನಲ್ಲಿ ಬಹುಕಾಲದಿಂದ ಬಂದ ಮಾತು. ಟೂಂಬ್‌ಸ್ಟೋನಿನ ಛಾಯಾಗ್ರಾಹಕ ಸಿ.ಎಸ್. ಫ್ಲೈ ತೆಗೆದ ಅವನ ಫೋಟೋ ಬಿಸ್ಬಿಯ ಬ್ಯಾಂಕೊಂದರ ಗೋಡೆಯ ಮೇಲಿತ್ತು. ಮೊಹರಿನ ಚಿತ್ರ ಅಲ್ಲಿಂದ ಬಂದದ್ದು. ಬಿಸ್ಬಿ ಇರುವ ಮ್ಯೂಲ್ ಬೆಟ್ಟಗಳಲ್ಲಿ ಲೋಹದ ಸುಳಿವು 1877ರಲ್ಲಿ ಮೊದಲು ಸಿಕ್ಕಿದ್ದು ಜ್ಯಾಕ್ ಡನ್ ಎಂಬ ಸೈನ್ಯದ ದಾರಿಶೋಧಕನಿಗೂ ಅವನ ಜೊತೆಯವರಿಗೂ. ಅವರಿಗೆ ಅಲ್ಲಿ ನಿಲ್ಲಲು ಪುರಸೊತ್ತಿಲ್ಲ. ಹಾಗಾಗಿ ಡನ್ ವಾರೆನ್‌ಗೆ ದಿನಸಿ ಮತ್ತು ಸಲಕರಣೆ ಕೊಟ್ಟು, ಸಿಕ್ಕಿದ್ದರಲ್ಲಿ ತನಗೆ ಪಾಲು ಎಂದು ಮಾತು ಮಾಡಿಕೊಂಡು ಕಳಿಸಿದ. ವಾರೆನ್ ಹೋದ, ಜಾಗಗಳನ್ನು ಗುರುತು ಹಾಕಿದ, ಡನ್‌ನ ಹೆಸರನ್ನು ಬಿಟ್ಟೇಬಿಟ್ಟ. ಮುಂದೆ ಕಾಪರ್ ಕ್ವೀನ್ ಆದ ಗಣಿಯಲ್ಲಿ ಅವನಿಗೆ ಪಾಲಿತ್ತು. ಚಾರ್ಲ್ಸ್‌ಟನ್ ಎಂಬಲ್ಲಿ ಕುಡಿದ ಮತ್ತಿನಲ್ಲಿ, ಕುದುರೆಗಿಂತ ವೇಗವಾಗಿ ಓಡುತ್ತೇನೆಂದು ಪಂತ ಕಟ್ಟಿ ಆ ಪಾಲನ್ನು ಕಳೆದುಕೊಂಡ. ಕಂಬ ಸುತ್ತಿ ವಾಪಸ್ ಬರುವ ಓಟ. ತಿರುವಿನಲ್ಲಿ ಮನುಷ್ಯನೇ ಚುರುಕು ಎಂಬ ಲೆಕ್ಕಾಚಾರ ಅವನದು. ಕುದುರೆ ಗೆದ್ದಿತು.

ಇಡೀ ರಾಜ್ಯದ ಕಾಗದಪತ್ರಗಳ ಮೇಲೆ ನಿಂತಿರುವ ಗಣಿಗಾರ, ಹಾಗೆ ನೋಡಿದರೆ, ಗಣಿಯಲ್ಲಿ ಬಿಡಿಗಾಸೂ ಉಳಿಸಿಕೊಳ್ಳದವನು. 1912ರ ಹೊತ್ತಿಗೆ ಬಿಸ್ಬಿಯಲ್ಲಿ ಅಂಥ ಒಂಟಿ ಶೋಧಕರ ಕಾಲವೇ ಮುಗಿದಿತ್ತು. ಫೆಲ್ಪ್ಸ್ ಡಾಡ್ಜ್ ಕಂಪನಿ ಅಲ್ಲಿ ಕಾಲಿಟ್ಟದ್ದು 1881ರಲ್ಲಿ, ಜೇಮ್ಸ್ ಡಗ್ಲಸ್ ಎಂಬ ಲೋಹತಜ್ಞನ ಸಲಹೆಯ ಮೇಲೆ. ಕಾಗದದ ಮೇಲೆ ಬಿಸ್ಬಿ 1902ರಿಂದಲೇ ನಗರಸಭೆಯ ಊರು, ಆದರೆ ಸಂಬಳ, ಅಂಗಡಿ, ರೈಲು ಎಲ್ಲವೂ ಕಂಪನಿಯ ಕೈಯಲ್ಲಿ. ಪಾಳಿಯ ಮೇಲೆ ಸಾವಿರಾರು ಜನ ಕೂಲಿಗೆ ಇಳಿಯುತ್ತಿದ್ದರು. ಬಂಡೆ ಕೊರೆಯಲು ಗಾಳಿಯೊತ್ತಡದ ಡ್ರಿಲ್ ಬಂದಿತ್ತು. ಕುಲುಮೆ ಕೂಡ ಊರಲ್ಲಿರಲಿಲ್ಲ; ಮೆಕ್ಸಿಕೊ ಗಡಿಯ ಹತ್ತಿರ ಕಂಪನಿ ಕಟ್ಟಿದ ಡಗ್ಲಸ್ ಎಂಬ ಊರಿಗೆ ಅದನ್ನು ಒಯ್ದಾಗಿತ್ತು.

ಬಾವುಟದ ದಾರಿ ಬೇರೆ. 1910ರಲ್ಲಿ ಒಹಾಯೊದ ಕ್ಯಾಂಪ್ ಪೆರಿಯಲ್ಲಿ ಬಂದೂಕು ಸ್ಪರ್ಧೆಗೆ ಹೋದ ಅರಿಜೋನಾ ತಂಡಕ್ಕೆ ತನ್ನದೆನ್ನುವ ಬಾವುಟ ಇರಲಿಲ್ಲ. ತಂಡದ ನಾಯಕ ಚಾರ್ಲ್ಸ್ ಹ್ಯಾರಿಸ್ ಒಂದನ್ನು ರೂಪಿಸಿದ, ಮುಂದೆ ಸೆನೆಟರ್ ಆದ ಕಾರ್ಲ್ ಹೇಡನ್ ಕೈಜೋಡಿಸಿದ, ಹೇಡನ್‌ನ ಹೆಂಡತಿ ನ್ಯಾನ್ ಹೊಲಿದು ಕೊಟ್ಟಳು. ಕೆಂಪು ಹಳದಿ ಕಿರಣಗಳು 1540ರಲ್ಲಿ ಆ ನೆಲಕ್ಕೆ ಬಂದ ಸ್ಪೇನಿನ ಕೊರೊನಾಡೊ ದಂಡಿನ ಬಣ್ಣ, ಹದಿಮೂರೆಂಬ ಎಣಿಕೆ ಅಮೆರಿಕದ ಮೂಲ ವಸಾಹತುಗಳದ್ದು, ನಡುವಿನ ನಕ್ಷತ್ರ ತಾಮ್ರದ್ದು. 1917ರ ಫೆಬ್ರುವರಿ 27ರಂದು ಅದು ಕಾನೂನಾಯಿತು. ಗವರ್ನರ್ ಥಾಮಸ್ ಕ್ಯಾಂಪ್‌ಬೆಲ್ ಸಹಿ ಹಾಕಲಿಲ್ಲ. ಸಹಿಯಿಲ್ಲದೆಯೇ ಜಾರಿಗೆ ಬಂತು.

ಅದೇ ವರ್ಷದ ಜೂನ್ ಕೊನೆಯಲ್ಲಿ ಬಿಸ್ಬಿಯ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ತಾಮ್ರದ ಪೇಟೆ ದರ ಏರಿಳಿದಂತೆ ಏರಿಳಿಯುವ ಕೂಲಿ ಬೇಡ, ದಿನಕ್ಕಿಷ್ಟು ಎಂದು ಗೊತ್ತಾದ ಕೂಲಿ ಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಜುಲೈ 12ರ ಬೆಳಗಿನ ಜಾವ ಶೆರಿಫ್ ಹ್ಯಾರಿ ವೀಲರ್ ನೇಮಿಸಿಕೊಂಡ ಸುಮಾರು ಎರಡು ಸಾವಿರ ಜನ ಬಂದೂಕು ಹಿಡಿದು ಮನೆಮನೆಗೆ ನುಗ್ಗಿದರು. ತಮ್ಮವರನ್ನು ಗುರುತಿಸಲು ಅವರು ತೋಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಹಿಡಿದವರನ್ನು ವಾರೆನ್ ಬಡಾವಣೆಯ ಬೇಸ್‌ಬಾಲ್ ಮೈದಾನಕ್ಕೆ ನಡೆಸಿ, ಸುಮಾರು 1,200 ಜನರನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ, ನ್ಯೂ ಮೆಕ್ಸಿಕೊದ ಹರ್ಮಾನಾಸ್ ಎಂಬ ಮರುಭೂಮಿಯ ನಿಲ್ದಾಣದಲ್ಲಿ ಇಳಿಸಿದರು. ಆ ಮೈದಾನವಿದ್ದ ಬಡಾವಣೆಯ ಹೆಸರು ಮೊಹರಿನ ಗಣಿಗಾರನದೇ. ತಾಮ್ರದ ನಕ್ಷತ್ರ ರಾಜ್ಯದ ಗುರುತಾಗಿ ಆಗ ಐದು ತಿಂಗಳೂ ತುಂಬಿರಲಿಲ್ಲ. ಈ ಬಾವುಟವನ್ನು ಯಾರಿಗಾದರೂ ವಿವರಿಸುವಾಗ ಕೊರೊನಾಡೊನ ಬಣ್ಣಕ್ಕೆ ಕೊಡುವಷ್ಟು ಜಾಗವನ್ನಾದರೂ ಈ ಸಂಗತಿಗೂ ಕೊಡಬೇಕು.

ಇನ್ನು ಹೊಲಿಗೆಗೆ ಬರೋಣ. ಕಾನೂನು ಅಳತೆ ಹೇಳುತ್ತದೆ: ಎತ್ತರ ನಾಲ್ಕಡಿ, ಉದ್ದ ಆರಡಿ, ನಕ್ಷತ್ರ ಎರಡಡಿ. ಕೆಳಗಿನ ಅರ್ಧ ನೀಲಿ. ಮೇಲಿನ ಅರ್ಧದಲ್ಲಿ ನಡುಬಿಂದುವಿನಿಂದ ಹೊರಡುವ ಹದಿಮೂರು ಸಮ ಕಿರಣ, ಏಳು ಕೆಂಪು, ಆರು ಹಳದಿ. ನಕ್ಷತ್ರದ ಮೇಲಿನ ತುದಿ ಬಾವುಟದ ಮೇಲಂಚಿನಿಂದ ಒಂದಡಿ, ಕೆಳಗಿನ ತುದಿಗಳು ಕೆಳಂಚಿನಿಂದ ಒಂದಡಿ. ಲೆಕ್ಕ ಸುಲಭವಾಗಲೆಂದು 120 ಸೆಂ.ಮೀ. ಎತ್ತರ, 180 ಸೆಂ.ಮೀ. ಉದ್ದ ಎಂದಿಟ್ಟುಕೊಳ್ಳಿ.

‘ಸಮ ಕಿರಣ’ ಅಂದರೆ ಕೋನ ಸಮ. ಒಂದೊಂದು ಕಿರಣಕ್ಕೆ 180 ಡಿಗ್ರಿಯಲ್ಲಿ ಹದಿಮೂರನೇ ಒಂದು ಪಾಲು, ಅಂದರೆ ಸುಮಾರು 13.85 ಡಿಗ್ರಿ. ತಪ್ಪಾಗುವುದು ಇಲ್ಲೇ. ಟೇಪು ಹಿಡಿದು ಮೇಲಿನ ಅರ್ಧದ ಮೂರು ಬದಿಯ ಅಂಚನ್ನೇ ಹದಿಮೂರು ಸಮ ಭಾಗ ಮಾಡಿದರೆ ಪ್ರತಿ ಭಾಗ 23 ಸೆಂ.ಮೀ. ಬರುತ್ತದೆ, ನೋಡಲು ಅಚ್ಚುಕಟ್ಟು ಎನಿಸುತ್ತದೆ. ಆದರೆ ನಡುವಿನ ಕಿರಣ 21.8 ಡಿಗ್ರಿಗೆ ಉಬ್ಬುತ್ತದೆ, ಮೂಲೆಯ ಕಿರಣ 9.5 ಡಿಗ್ರಿಗೆ ಸೊರಗುತ್ತದೆ. ಸೂರ್ಯ ಒಂದೇ ಕಡೆ ಊದಿಕೊಂಡಂತೆ ಕಾಣುತ್ತದೆ. ಸರಿಯಾದ ಗುರುತುಗಳು ಹೀಗೆ: ಪಕ್ಕದ ಅಂಚಿನ ಮೇಲೆ, ನೀಲಿಯ ಗೆರೆಯಿಂದ ಮೇಲಕ್ಕೆ 22.2 ಮತ್ತು 47.2 ಸೆಂ.ಮೀ. ಮೇಲಂಚಿನ ಮೇಲೆ, ನಡುಗೆರೆಯಿಂದ ಆಚೀಚೆಗೆ 7.3, 22.8, 41.4 ಮತ್ತು 67.7 ಸೆಂ.ಮೀ. ಎರಡೂ ಬದಿಗೆ ಇದೇ ಅಳತೆ. ಬಾವುಟದ ಮೂಲೆ ಕೆಳಗಿನಿಂದ ಮೂರನೆಯ ಕಿರಣದೊಳಗೆ ಬೀಳುತ್ತದೆ, ಹಾಗಾಗಿ ಆ ತುಂಡಿಗೆ ಮೂರಲ್ಲ, ನಾಲ್ಕು ಬದಿ. ಕಾಗದದಲ್ಲಿ ಏಳು ಮಾದರಿ ಕತ್ತರಿಸಿಕೊಂಡರೆ ಸಾಕು. ಆರನ್ನು ಮಗುಚಿ ಇನ್ನೊಂದು ಬದಿಗೆ ಬಳಸಬಹುದು, ಏಳನೆಯದು ನಡುವಿನದು.

ಪ್ರತಿ ಕಿರಣದ ನಡುಗೆರೆ ಬಟ್ಟೆಯ ಉದ್ದೆಳೆಯ ಗುಂಟ ಬರುವಂತೆ ಕತ್ತರಿಸಿ. ಬಟ್ಟೆ ಉಳಿಸಲೆಂದು ಅಡ್ಡಾದಿಡ್ಡಿ ಇಟ್ಟು ಕತ್ತರಿಸಿದರೆ ಒಂದು ಕಿರಣ ಕ್ರಾಸ್‌ನಲ್ಲಿ ಬಂದು ಎಳೆದಷ್ಟೂ ಹಿಗ್ಗುತ್ತದೆ, ಪಕ್ಕದ್ದು ಹಿಗ್ಗುವುದಿಲ್ಲ, ಹೊಲಿಗೆ ಸುಕ್ಕಾಗುತ್ತದೆ. ಹೊಲಿಗೆಗೆ ಬಿಟ್ಟ ಬಟ್ಟೆಯನ್ನು ಯಾವಾಗಲೂ ಕೆಂಪಿನ ಕಡೆಗೆ ಮಡಿಸಿ. ಹಳದಿಯ ಕಡೆ ಮಡಿಸಿದರೆ ಬಿಸಿಲಿಗೆ ಹಿಡಿದಾಗ ಕೆಂಪು ಗೆರೆಯಾಗಿ ಇಣುಕುತ್ತದೆ. ಮೂರು ನಾಲ್ಕು ಹೊಲಿಗೆಗೊಮ್ಮೆ ಕಾಗದದ ಪೂರ್ಣ ನಕ್ಷೆಯ ಮೇಲೆ ಹಾಸಿ ನೋಡಬೇಕು. ಹನ್ನೆರಡು ಹೊಲಿಗೆಯಲ್ಲಿ ಒಂದೊಂದೂ ಒಂದು ಮಿಲಿಮೀಟರ್ ತಪ್ಪಿದರೆ ಕೊನೆಗೆ ಒಟ್ಟು 180 ಡಿಗ್ರಿ ಬರುವುದಿಲ್ಲ. ಕಡಿಮೆಯಾದರೆ ನೀಲಿಗೆ ಕೂಡಿಸುವ ಗೆರೆ ಬಾಗುತ್ತದೆ, ಹೆಚ್ಚಾದರೆ ನಡುವೆ ಬಟ್ಟೆ ಬುಟ್ಟಿಯಂತೆ ಉಬ್ಬುತ್ತದೆ. ತಿದ್ದುವುದಿದ್ದರೆ ನಾಲ್ಕೈದು ಹೊಲಿಗೆಗೆ ಹಂಚಿ ತಿದ್ದಿ. ನೀಲಿಯ ಪಕ್ಕದ ಕಿರಣ ಒಂದರಲ್ಲೇ ಎಲ್ಲ ತಪ್ಪನ್ನು ಅಡಗಿಸಲು ಹೋದರೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

ಕಿರಣಗಳನ್ನು ನಡುಬಿಂದುವಿನವರೆಗೂ ಹೊಲಿಯುವ ಹಟ ಬೇಡ. ಕೇಂದ್ರದಿಂದ 5 ಸೆಂ.ಮೀ. ದೂರದಲ್ಲಿ ಕಿರಣದ ಅಗಲ ಬರೀ 1.2 ಸೆಂ.ಮೀ.; ಅಲ್ಲಿ ಹನ್ನೆರಡು ಹೊಲಿಗೆಯ ಮಡಿಕೆಗಳು ಒಂದರ ಮೇಲೊಂದು ಬಂದರೆ ಸೂಜಿಯೇ ಮುರಿಯುತ್ತದೆ. ನಕ್ಷತ್ರದ ಮೇಲಿನ ಎರಡು ಒಳಮೂಲೆಗಳು ಈ ಕೇಂದ್ರದಿಂದ ಸುಮಾರು 10 ಸೆಂ.ಮೀ. ದೂರದಲ್ಲಿರುತ್ತವೆ. ಆದ್ದರಿಂದ ಕೇಂದ್ರದ ಸುತ್ತ 8 ಸೆಂ.ಮೀ. ಅಂತರದಲ್ಲಿ ಕಿರಣಗಳನ್ನು ಕತ್ತರಿಸಿ ಖಾಲಿ ಬಿಟ್ಟರೂ ನಕ್ಷತ್ರ ಮುಚ್ಚಿಕೊಳ್ಳುತ್ತದೆ, ಹೊಲಿಯಲು 2 ಸೆಂ.ಮೀ. ಆಸರೆಯೂ ಸಿಗುತ್ತದೆ.

ನಕ್ಷತ್ರದ ಅಳತೆಯಲ್ಲಿ ಇನ್ನೊಂದು ಗುಂಡಿ ಇದೆ. ‘ಎರಡಡಿಯ ನಕ್ಷತ್ರ’ ಅಂದಕೂಡಲೇ 60 ಸೆಂ.ಮೀ. ವ್ಯಾಸದ ವೃತ್ತ ಎಳೆದು ಅದರೊಳಗೆ ನಕ್ಷತ್ರ ಬರೆಯುತ್ತಾರೆ. ಐದು ಮೂಲೆಯ ನಕ್ಷತ್ರ ಅದರ ವೃತ್ತದ ಬುಡವನ್ನು ಮುಟ್ಟುವುದಿಲ್ಲ. ಅಂಥ ನಕ್ಷತ್ರದ ನಿಜವಾದ ಎತ್ತರ 54.3 ಸೆಂ.ಮೀ. ಅಷ್ಟೆ, ಕೆಳತುದಿಗಳು ಕೆಳಂಚಿನಿಂದ 30ರ ಬದಲು 35.7 ಸೆಂ.ಮೀ. ದೂರ ನಿಲ್ಲುತ್ತವೆ. ಕಾನೂನು ಹೇಳಿದಂತೆ ಮೇಲೆ ಕೆಳಗೆ ಎರಡೂ ಕಡೆ 30 ಬರಬೇಕಾದರೆ ವೃತ್ತದ ತ್ರಿಜ್ಯ 33.2 ಸೆಂ.ಮೀ. ಇರಬೇಕು, ಅದರ ಕೇಂದ್ರ ನೀಲಿಯ ಗೆರೆಗಿಂತ 3.2 ಸೆಂ.ಮೀ. ಕೆಳಗೆ ಕೂರಬೇಕು. ಅಂದರೆ ಕಿರಣಗಳ ಕೇಂದ್ರವೂ ನಕ್ಷತ್ರದ ಕೇಂದ್ರವೂ ಒಂದೇ ಅಲ್ಲ. ಹೀಗೆ ಕೂರಿಸಿದಾಗಲೇ ನಕ್ಷತ್ರ ತೂಕವಾಗಿ ಕಾಣುವುದು.

ನಕ್ಷತ್ರವನ್ನು ಎರಡು ತುಂಡು ಮಾಡಿ ಮುಂದೊಂದು ಹಿಂದೊಂದು ಹೊಲಿಯಬೇಡಿ. ನಡುವೆ ಭಾರವಾಗಿ ಬಾವುಟ ಜೋತು ಬೀಳುತ್ತದೆ, ಬಿಸಿಲಿನಲ್ಲಿ ನಕ್ಷತ್ರ ಕಪ್ಪಾಗಿ ಕಾಣುತ್ತದೆ. ಮುಂಭಾಗದಲ್ಲಿ ಒಂದೇ ತುಂಡನ್ನು ಒತ್ತಾದ ಜಿಗ್‌ಜ್ಯಾಗ್ ಹೊಲಿಗೆಯಿಂದ ಕೂರಿಸಿ, ಹಿಂದೆ ಹೊಲಿಗೆಯಿಂದ ಅರ್ಧ ಸೆಂ.ಮೀ. ಒಳಗೆ ನೀಲಿ, ಕೆಂಪು, ಹಳದಿ ಬಟ್ಟೆಯನ್ನು ಕತ್ತರಿಸಿ ತೆಗೆಯಿರಿ. ಎರಡೂ ಕಡೆಯಿಂದ ಒಂದೇ ಪದರ ಕಾಣುತ್ತದೆ. ಜರಿಯಂಥ ಲೋಹದ ದಾರ ಇಲ್ಲಿ ಸಲ್ಲದು. ಗಾಳಿಯ ಹೊಡೆತಕ್ಕೆ ತುಂಡಾಗುತ್ತದೆ.

ಬಣ್ಣದ ವಿಚಾರದಲ್ಲಿ ಕಾನೂನು ಅರ್ಧ ಮಾತಾಡಿ ನಿಲ್ಲಿಸಿದೆ. ಕೆಂಪು ನೀಲಿ ಅಮೆರಿಕದ ರಾಷ್ಟ್ರಧ್ವಜದವೇ ಇರಬೇಕು ಅನ್ನುತ್ತದೆ. ನಕ್ಷತ್ರಕ್ಕೆ ‘ತಾಮ್ರದ ಬಣ್ಣ’ ಎಂದಷ್ಟೇ ಹೇಳುತ್ತದೆ. ಯಾವ ತಾಮ್ರ? ಹುಣಸೆಹಣ್ಣು ಹಚ್ಚಿ ಈಗಷ್ಟೇ ಬೆಳಗಿದ ಹಂಡೆಯದು ಒಂದು ಬಣ್ಣ, ಒಲೆಯ ಮೇಲೆ ವಾರ ಕಳೆದ ಹಂಡೆಯದು ಇನ್ನೊಂದು, ಹಿತ್ತಲಲ್ಲಿ ಕಿಲುಬು ಹಿಡಿದದ್ದರದು ಮತ್ತೊಂದು. ತಯಾರಕರು ಒಬ್ಬೊಬ್ಬರು ಒಂದೊಂದನ್ನು ಹಿಡಿದಿದ್ದಾರೆ. ಪೇಟೆಯಲ್ಲಿ ಕಿತ್ತಳೆ, ಕಂದು, ಮಾಸಲು ಚಿನ್ನದ ಬಣ್ಣದ ನಕ್ಷತ್ರಗಳೂ ಸಿಗುತ್ತವೆ. ಕಂಪ್ಯೂಟರ್ ಪರದೆಯ ಮೇಲೆ ತಾಮ್ರ ಎಂದು ರೂಢಿಯಲ್ಲಿರುವುದು ಕೆಂಪು 184, ಹಸಿರು 115, ನೀಲಿ 51ರ ಮಿಶ್ರಣ. ಬಟ್ಟೆ ಆರಿಸುವಾಗಲೂ ಅದರ ಆಸುಪಾಸಿನಲ್ಲೇ ಇರುವುದು ಕ್ಷೇಮ.

ಕ್ಷೇಮ ಅಂದದ್ದಕ್ಕೆ ಕಾರಣವಿದೆ. ನಕ್ಷತ್ರದ ಮೇಲಿನ ತುದಿ ನಡುವಿನ ಕೆಂಪು ಕಿರಣದೊಳಗೆ ಬೀಳುತ್ತದೆ. ಪಕ್ಕದ ಎರಡು ತುದಿಗಳು ನೀಲಿಯ ಗೆರೆಯಿಂದ 7 ಸೆಂ.ಮೀ. ಮೇಲಿವೆ, ಅಲ್ಲಿ ಕೆಂಪು ಮುಗಿದು ಹಳದಿ ಶುರುವಾಗುವುದು 7.8ಕ್ಕೆ. ಮುಕ್ಕಾಲು ಸೆಂ.ಮೀ. ಅಂತರದಲ್ಲಿ ಅವೂ ಕೆಂಪಿನೊಳಗೇ ಉಳಿದವು. ಐದರಲ್ಲಿ ಮೂರು ತುದಿ ಕೆಂಪಿನ ಮೇಲೆ! ವೆಬ್ ವಿನ್ಯಾಸಕಾರರು ಬಳಸುವ ಸೂತ್ರ ಹಾಕಿ ನೋಡಿದರೆ ಈ ತಾಮ್ರಕ್ಕೂ ನೀಲಿಗೂ ಇರುವ ಬೆಳಕಿನ ಅನುಪಾತ 2.7 (1 ಬಂದರೆ ಎರಡರ ಹೊಳಪೂ ಒಂದೇ), ಹಳದಿಗೂ ಅಷ್ಟೇ. ಕೆಂಪಿಗೆ ಬರೀ 1.7. ನಕ್ಷತ್ರ ಇನ್ನಷ್ಟು ಕಂದಾದರೆ ದೂರದಿಂದ ಆ ಮೂರು ತುದಿಗಳು ಕರಗಿಹೋಗಿ ಬುಡದ ಎರಡು ಕಾಲು ಮಾತ್ರ ಎದ್ದು ಕಾಣುತ್ತವೆ. ಬಿಸಿಲಿಗೆ ಸಾಮಾನ್ಯವಾಗಿ ಕೆಂಪೇ ಮೊದಲು ಮಾಸುವುದರಿಂದ ಹಳೆಯ ಬಾವುಟದಲ್ಲಿ ಎರಡೂ ಇನ್ನೂ ಹತ್ತಿರವಾಗುತ್ತವೆ. ಹೊರಗೆ ಹಾರಿಸುವುದಕ್ಕೆ 200 ಡೆನಿಯರ್ (ಎಳೆಯ ದಪ್ಪದ ಅಳತೆ) ನೈಲಾನ್, ಜೋರು ಗಾಳಿಯ ಜಾಗಕ್ಕೆ ದಪ್ಪ ಪಾಲಿಯೆಸ್ಟರ್ ತಗೊಳ್ಳಿ. ಹಾರುವ ಅಂಚಿಗೆ ನಾಲ್ಕು ಸಾಲು ಹೊಲಿಗೆ ಹಾಕಿ; ಹರಿಯಲು ಶುರುವಾಗುವುದು ಅಲ್ಲಿಂದಲೇ.

ಇಷ್ಟೆಲ್ಲ ತೊಡಕಿದ್ದರೂ ಈ ಬಾವುಟ ಗೆದ್ದಿದೆ. ಉತ್ತರ ಅಮೆರಿಕದ ಧ್ವಜಶಾಸ್ತ್ರ ಸಂಘ 2001ರಲ್ಲಿ ರಾಜ್ಯ ಮತ್ತು ಪ್ರಾಂತ್ಯಗಳ 72 ಬಾವುಟಗಳಿಗೆ ಅಂಕ ಕೊಡಿಸಿದಾಗ ಅರಿಜೋನಾ ಆರನೆಯದಾಯಿತು. ಗಣಿಯ ಚಿತ್ರ ಬರೆಯದೆ ಗಣಿಯಿಂದ ಬಂದದ್ದರ ಬಣ್ಣವನ್ನಷ್ಟೇ ಇಟ್ಟರು. ಬಣ್ಣಕ್ಕೆ ಕಾಲ ಮೀರುವ ಭಯವಿಲ್ಲ. ಬಿಸ್ಬಿಯ ಲ್ಯಾವೆಂಡರ್ ಎಂಬ ತೆರೆದ ಗಣಿ 1974ರಲ್ಲಿ, ಸುರಂಗದ ಕೆಲಸ 1975ರಲ್ಲಿ ನಿಂತಿತು. ಮರುವರ್ಷದಿಂದ ಅದೇ ಸುರಂಗಕ್ಕೆ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದಾರೆ. ನಕ್ಷತ್ರದಲ್ಲಿ ಏನನ್ನೂ ಬದಲಿಸಬೇಕಾಗಿ ಬರಲಿಲ್ಲ.

ಪುರಸಭೆಯಾದ ಹಳೆಯ ತಾಮ್ರದ ಊರೊಂದು ಹೊಸದಾಗಿ ಮೊಹರು ಮಾಡಿಸುವುದಾದರೆ ರಾಜ್ಯದ ಮೊಹರನ್ನು ಚಿಕ್ಕದು ಮಾಡಿ ನಕಲು ಮಾಡುವುದು ಬೇಡ. ಅದನ್ನು ವ್ಯಾಪಾರಕ್ಕೆ ಬಳಸಲು ರಾಜ್ಯ ಕಾರ್ಯದರ್ಶಿಯ ಅನುಮತಿ ಬೇಕು ಎನ್ನುವುದು ಒಂದು. ಅಷ್ಟು ಚಿತ್ರ ಹಿಡಿಸುವುದಿಲ್ಲ ಎನ್ನುವುದು ಇನ್ನೊಂದು. ಕಾಗದವನ್ನು ಉಬ್ಬಿಸುವ ಕೈಮೊಹರಿನ ವ್ಯಾಸ ಸಾಮಾನ್ಯವಾಗಿ 41 ಮಿ.ಮೀ. ಸುತ್ತಲಿನ ಅಕ್ಷರದ ಪಟ್ಟಿ ಕಳೆದರೆ ಚಿತ್ರಕ್ಕೆ ಉಳಿಯುವುದು ಮೂವತ್ತು ಮಿ.ಮೀ.ಗೂ ಕಡಿಮೆ. ಅದರಲ್ಲಿ ಸೂರ್ಯ, ಬೆಟ್ಟ, ಅಣೆಕಟ್ಟು, ತೋಟ, ದನ, ಗಿರಣಿ, ಮನುಷ್ಯ ಎಲ್ಲ ತುರುಕಿದರೆ ಕಾಗದದ ಮೇಲೆ ಏಳುವುದು ಒಂದು ಗಂಟು ಮಾತ್ರ. ಗೆರೆಯ ದಪ್ಪ 0.3 ಮಿ.ಮೀ.ಗಿಂತ ಇಳಿಯಬಾರದು, ಎರಡು ಗೆರೆಗಳ ನಡುವೆ ಕನಿಷ್ಠ ಅಷ್ಟೇ ಜಾಗ ಬಿಡಬೇಕು, ಅಕ್ಷರ ಎರಡೂವರೆ ಮಿ.ಮೀ. ಇರಲಿ. 80ರಿಂದ 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಕಾಗದ ಚೆನ್ನಾಗಿ ಉಬ್ಬುತ್ತದೆ. ತೆಳು ಕಾಗದ ಹರಿಯುತ್ತದೆ, ದಪ್ಪ ರಟ್ಟಿನ ಮೇಲೆ ಮೂಡುವುದೇ ಇಲ್ಲ. ಜೆರಾಕ್ಸ್‌ನಲ್ಲಿ ಉಬ್ಬು ಕಾಣುವುದಿಲ್ಲವಾದ್ದರಿಂದ ಪ್ರತಿ ತೆಗೆಯುವ ಮುಂಚೆ ಅದರ ಮೇಲೆ ಪೆನ್ಸಿಲಿನ ಸೀಸವನ್ನು ಹಗುರವಾಗಿ ಉಜ್ಜಬೇಕು.

ಚಿತ್ರ ಒಂದೇ ಇರಲಿ, ಆ ಊರು ನಿಜವಾಗಿ ಮಾಡಿದ ಕೆಲಸದ್ದಿರಲಿ. ಅದಿರು ಕರಗಿಸಿದ ಊರಿಗೆ ಪಿಕಾಸಿ ಬೇಡ, ಚಿಮಣಿ ಸಾಕು. ಸುರಂಗದ ಊರಿಗೆ ಗಣಿಬಾವಿಯ ಬಾಯಿಯ ಮೇಲೆ ನಿಲ್ಲಿಸುವ ಗಾಲಿಯ ಗೋಪುರ ಒಪ್ಪುತ್ತದೆ. ಅದರ ಗೆರೆಗಳು ನೇರವಾದ್ದರಿಂದ ಅಚ್ಚಿನಲ್ಲಿ ಸ್ವಚ್ಛವಾಗಿ ಬೀಳುತ್ತವೆ. ವರ್ಷ ಯಾವುದು ಹಾಕಬೇಕು ಎಂಬ ಬಗ್ಗೆ ಜಗಳ ಬರುವುದು ಸಹಜ. ಕಂಪನಿ ಮೊದಲ ಇಟ್ಟಿಗೆ ಇಟ್ಟ ವರ್ಷ ಬಾವುಟದ ಮೇಲೋ ಊರ ಹೆಬ್ಬಾಗಿಲ ಮೇಲೋ ಇರಬಹುದು. ಕರಾರುಪತ್ರದ ಕೆಳಗೆ ಒತ್ತುವ ಮೊಹರಿನಲ್ಲಿ ಪುರಸಭೆಯಾದ ವರ್ಷವೇ ಇರಬೇಕು, ರಾಜ್ಯ ತನ್ನ ಮೊಹರಿನಲ್ಲಿ 1912 ಎಂದು ಹಾಕಿಕೊಂಡ ಹಾಗೆ. ಅದಕ್ಕಿಂತ ಮುಂಚೆ ಆ ಊರಿನ ಪರವಾಗಿ ಸಹಿ ಹಾಕುತ್ತಿದ್ದದ್ದು ಕಂಪನಿಯ ಮ್ಯಾನೇಜರ್.